ಒಂದೇ ಪುಟಕ್ಕೆ

ವರದಿಯ ಕೊನೆಯ ಸಾಲು ಎರಡನೆಯ ಪುಟಕ್ಕೆ ಇಳಿಯುವುದು ಸಣ್ಣ ವಿಷಯವೆಂದು ತಿಳಿದವರು ಆ ಜಿಲ್ಲಾ ಕಚೇರಿಯಲ್ಲಿ ಯಾರೂ ಇರಲಿಲ್ಲ. ಸೇತುವೆ ಕುಸಿದರೆ ಸಮಿತಿ ಕೂರುತ್ತದೆ, ಹೊಳೆ ಉಕ್ಕಿದರೆ ಪರಿಹಾರ ಬರುತ್ತದೆ. ಸಾಲು ಇಳಿದರೆ ಇಳಿಸಿದವನ ಹೆಸರು ವರ್ಷಗಟ್ಟಲೆ ಉಳಿಯುತ್ತದೆ. ಎರಡನೆಯ ಮಹಡಿಯ ಮುಖ್ಯಸ್ಥ ಓಕ್ ಹಾಳೆ ತಿರುವುವವರಲ್ಲ. ತಿರುವಬೇಕಾಗಿ ಬಂದ ದಿನ ಅವರು ಆ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು, ಮೀನಿನ ಬಾಲ ಹಿಡಿದವರ ಹಾಗೆ, ಒಂದು ನಿಮಿಷ ಸುಮ್ಮನೆ ನೋಡುತ್ತಾರೆ. ಇಂಥ ಮಹಡಿಯಲ್ಲಿ, ನವೆಂಬರಿನ ಒಂದು ಬುಧವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ, ಆಡಳಿತ ತಂಡದ ಪ್ಯೊ ಇನ್ಹೊ ಕಾಗದದ ಲೋಟದಲ್ಲಿ ಪುಡಿ ಕಾಫಿ ಕದಡಿಕೊಂಡು, ಕಚೇರಿಯ ಚಪ್ಪಲಿ ಎಳೆಯುತ್ತ ತನ್ನ ಜಾಗಕ್ಕೆ ಬರುವಾಗ, ಪಕ್ಕದ ಮೇಜಿನ ಗಿಲ್ ಹಾನ್ಸೊಲ್ ಹಿಮ ತೆಗೆಯುವ ಯೋಜನೆಯ ವರದಿಯನ್ನು ಒಂದು ಪುಟಕ್ಕೆ ಕೂರಿಸುತ್ತಿದ್ದಳು. ಅವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಮೌಸ್ ಮುಟ್ಟಲಿಲ್ಲ. ಎಲ್ಲವನ್ನೂ ಆರಿಸಿದಳು, ಅಕ್ಷರಗಳ ನಡುವಿನ ಜಾಗ ಇಳಿಸಿದಳು, ಸಾಲುಗಳ ನಡುವಿನ ಜಾಗ ಇಳಿಸಿದಳು, ಆದರೂ ಕೋಷ್ಟಕದ ಒಂದು ಸಾಲು ಕೆಳಗೆ ಜೋತಿತ್ತು. ಅದರ ಮೇಲೆ ಹೋಗಿ ನಿಂತಳು. ಆಮೇಲೆ ಅವಳ ಎಡಗೈಯ ಕಿರುಬೆರಳು ಮೇಲಕ್ಕೆ ಹೋಗಿ ಮೂಲೆಯ ಎಸ್ಕೇಪ್ ಕೀಯನ್ನು ಎರಡು ಸಲ ತಟ್ಟಿತು, ಟಕ್ ಟಕ್, ಯಾವ ಉಪಯೋಗಕ್ಕೂ ಬಾರದ ಎರಡು ತಟ್ಟು. ಆಮೇಲೆ ಕಂಟ್ರೋಲ್ ಮತ್ತು ಬ್ಯಾಕ್‌ಸ್ಪೇಸ್. ಸಾಲು ಹೋಯಿತು. ಪುಟ ಒಂದಾಯಿತು. ಇನ್ಹೊನ ಕಾಫಿ ಒಂದಿಷ್ಟು ಚಪ್ಪಲಿಯ ಮೇಲೆ ಚೆಲ್ಲಿತು.

ಆ ಎರಡು ತಟ್ಟನ್ನು ಅವನು ಒಬ್ಬನ ಕೈಯಲ್ಲಿ ಮಾತ್ರ ನೋಡಿದ್ದ, ಇಪ್ಪತ್ತು ವರ್ಷದ ಹಿಂದೆ. ಕಡ್ಡಾಯ ಸೈನ್ಯಸೇವೆಯ ದಿನಗಳಲ್ಲಿ, ಉತ್ತರದ ಬೆಟ್ಟದ ಮೇಲಿನ ಪಾಳೆಯದಲ್ಲಿ ಬ್ಯೊನ್ ಗಿತೆ ಅವನ ಮೇಲಿನವನು. ಬಂದೂಕಿಗೆ ಒಬ್ಬ, ಬಂದೂಕಿನವನಿಗೆ ಒಬ್ಬ ಎಂಬ ಲೆಕ್ಕದಲ್ಲಿ ಬರಹದ ಕೋಣೆಯಲ್ಲೂ ಕೀಬೋರ್ಡಿಗೆ ಒಬ್ಬ, ಅವನಿಗೊಬ್ಬ ಸಹಾಯಕ. ಮೊದಲ ದಿನವೇ ಗಿತೆ ಮೌಸಿನ ತಂತಿ ಕಿತ್ತು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದ. "ಇಲಿ ಸತ್ತೋಯ್ತು ಅಂದ್ಕೋ. ಇನ್ನು ಬೆರಳೇ ಗತಿ," ಎಂದಿದ್ದ. ಬಿಸ್ಕತ್ತಿನ ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಕೀಬೋರ್ಡ್ ಬರೆದುಕೊಟ್ಟಿದ್ದ. ಕಾವಲಿನಿಂದ ಬಂದು ಮಲಗಿದವನು ಕಂಬಳಿಯೊಳಗೆ ತೊಡೆಯ ಮೇಲೆ ಅದನ್ನೇ ಬಾರಿಸಬೇಕು. ಬಾರಿಸಿ ಬಾರಿಸಿ ಒಂದು ದಿನ, ಕೇಳಿದರೆ ಬಾಯಿಗೆ ಗೊತ್ತಿಲ್ಲದ್ದು ಬೆರಳಿಗೆ ಗೊತ್ತಾಗಿತ್ತು. ಸಾಲು ಅಳಿಸುವ ಮುಂಚೆ ಗಿತೆಯ ಕಿರುಬೆರಳು ಮೂಲೆಗೆ ಹೋಗಿ ಎರಡು ಸಲ ತಟ್ಟುತ್ತಿತ್ತು. ಅದೇಕೆ ಎಂದು ಇನ್ಹೊ ಒಂದು ಸಲ ಕೇಳಿದ್ದ. ಗಿತೆ ತೆರೆಯಿಂದ ಕಣ್ಣು ತೆಗೆಯದೆ, "ಒಳಗೆ ಯಾರಾದ್ರೂ ಇದ್ರೆ ಹೊರಗೆ ಬರ್ಲಿ ಅಂತ ಕಣೋ," ಎಂದಿದ್ದ. ನಕ್ಕಿದ್ದನೇ? ಇನ್ಹೊಗೆ ಧ್ವನಿ ನೆನಪಿದೆ, ಬೆರಳು ನೆನಪಿದೆ, ಉಗುರಿನ ಬುಡದ ಬಿಳಿ ಚಂದ್ರ ನೆನಪಿದೆ. ಮುಖಕ್ಕೆ ಬಂದರೆ ಏನೂ ಇಲ್ಲ, ತೊಳೆದಿಟ್ಟ ತಟ್ಟೆ.

"ಅದನ್ನ ಯಾರು ಹೇಳ್ಕೊಟ್ರು ನಿಮ್ಗೆ?" ಎಂದು ಕೇಳಿದ. ಸಹಜವಾಗಿ ಕೇಳಬೇಕೆಂದುಕೊಂಡಿದ್ದ, ಧ್ವನಿ ಠಾಣೆಯಲ್ಲಿ ಕೇಳುವ ಹಾಗಿತ್ತು.

ಹಾನ್ಸೊಲ್ ತಿರುಗಿದಳು. "ಯಾವುದನ್ನ, ಸೊನ್ಬೆನಿಮ್?" ತನಗಿಂತ ಮೊದಲು ಬಂದವರನ್ನೆಲ್ಲ ಅವಳು ಹಾಗೆಯೇ ಕರೆಯುತ್ತಿದ್ದಳು, ಬೇರೆಯವರ ವಿಷಯದಲ್ಲಿ ಅದು ಮರ್ಯಾದೆ, ಇನ್ಹೊನ ವಿಷಯದಲ್ಲಿ ಒಂದಿಷ್ಟು ನಂಬಿಕೆಯೂ ಇತ್ತು.

"ಎಸ್ಕೇಪ್. ಎರಡು ಸಲ."

"ಓ ಅದಾ. ನೀವೇ."

"ನಾನು ಆ ಕೀ ಮುಟ್ಟೋದೇ ಇಲ್ಲ."

ಅವಳು ನಕ್ಕಳು. ಇವನು ನಗಲಿಲ್ಲವೆಂದು ಕಂಡು ನಗು ನಿಲ್ಲಿಸಿದಳು. "ಬಂದ ಹೊಸದ್ರಲ್ಲಿ ಶಾರ್ಟ್‌ಕಟ್ ಎಲ್ಲ ಬರ್ಕೊಡಿ ಅಂತ ಕೇಳಿದ್ದೆ ನಿಮ್ಮನ್ನ. ನೀವು ಪೆನ್ನು ಹಿಡ್ಕೊಂಡು ಹತ್ತು ನಿಮಿಷ ಕೂತ್ರಿ, ಮೂರು ಬರೆದ್ರಿ, ಅದ್ರಲ್ಲಿ ಎರಡು ತಪ್ಪು. ಆಮೇಲೆ ನಾನೇ ನಿಮ್ಮ ಬೆನ್ನ ಹಿಂದೆ ನಿಂತು ನೋಡಿ ಕಲಿತೆ. ಎರಡು ವಾರ ನಿಂತಿದ್ದೆ. ಅಳಿಸೋಕೆ ಮುಂಚೆ ನೀವು ಯಾವಾಗ್ಲೂ ಎರಡು ಸಲ ತಟ್ತೀರಿ. ಅದಿಲ್ದಿದ್ರೆ ಅಳಿಸೋಕಾಗಲ್ಲ ಅಂತ್ಲೇ ಅಂದ್ಕೊಂಡಿದ್ದೆ ಎಷ್ಟೋ ದಿನ."

ಎದುರು ಸಾಲಿನಿಂದ ತಂಡದ ನಾಯಕಿ ಮ್ಯೊಂಗ್ಸುಕ್ ಕನ್ನಡಕದ ಮೇಲಿಂದ ನೋಡಿದರು. ಐವತ್ತೈದು ದಾಟಿದವರು, ಯಾರ ಮಾತೂ ಅವರ ಕಿವಿ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. "ಏನ್ರೀ ಪ್ಯೊ, ಬೆಳಬೆಳಿಗ್ಗೆ ವಿಚಾರಣೆ? ತಟ್ಟಿದ್ರೆ ತಟ್ಟಲಿ ಬಿಡ್ರಿ. ನಾನೂ ತಟ್ತೀನಿ. ನಿಮ್ಮಿಂದ ಅಂಟಿದ ಚಟ ಅದು, ಕೆಮ್ಮು ಅಂಟಿದ ಹಾಗೆ. ನಿಮ್ಮ ಕೀಬೋರ್ಡ್ ನೋಡ್ಕೊಳ್ಳಿ ಒಂದ್ಸಲ."

ಅವನು ಕೂತು ನೋಡಿದ. ಒಂಬತ್ತು ವರ್ಷದಿಂದ ಅದೇ ಕೀಬೋರ್ಡು. ವರ್ಗವಾದಾಗಲೂ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದ. ಎಲ್ಲ ಕೀಗಳ ಅಕ್ಷರಗಳೂ ನೆಟ್ಟಗಿದ್ದವು. ಎಡಮೂಲೆಯ ಕೀಯ ಮೇಲೆ ಏನೂ ಇರಲಿಲ್ಲ. ಬರಹವೆಲ್ಲ ಅಳಿಸಿ, ನಡುವೆ ಕಿರುಬೆರಳ ತುದಿಯಷ್ಟು ಜಾಗ ಹೊಳೆಯುತ್ತಿತ್ತು. ಒಂಬತ್ತು ವರ್ಷ ಅದರ ಮುಂದೆ ಕೂತಿದ್ದವನಿಗೆ ಅದು ಕಂಡಿರಲಿಲ್ಲ. ಪರೀಕ್ಷೆಗೆಂದು ಒಂದು ಹಳೆಯ ಕಡತ ತೆರೆದು, ಕೋಷ್ಟಕದೊಳಗೆ ನಿಂತು, ಕೈಗಳನ್ನೇ ನೋಡುತ್ತ ಸಾಲು ಅಳಿಸಲು ಹೊರಟ. ನೋಡುತ್ತಿದ್ದಷ್ಟು ಹೊತ್ತು ಕೈಗಳು ಅಲ್ಲಾಡಲಿಲ್ಲ. ಯಾರದೋ ಮನೆಯ ಹಜಾರದಲ್ಲಿ ಕೂರಿಸಿದ ನೆಂಟರಂತೆ ಬಿಗಿದುಕೊಂಡು ಕೂತಿದ್ದವು. ಕಣ್ಣೆತ್ತಿ ಕಿಟಕಿಯಾಚೆಯ ಗಿಂಕ್ಗೊ ಮರದ ಹಳದಿ ಎಲೆಗಳ ಕಡೆ ನೋಡಿದ. ಟಕ್ ಟಕ್. ತಿರುಗುವಷ್ಟರಲ್ಲಿ ಸಾಲು ಹೋಗಿತ್ತು.

ಹಾನ್ಸೊಲ್ ಕುರ್ಚಿ ಜರುಗಿಸಿಕೊಂಡು ಹತ್ತಿರ ಬಂದಳು. "ಸೊನ್ಬೆನಿಮ್, ಅನಾಮಧೇಯ ಅಭಿಪ್ರಾಯದ ಕೋಷ್ಟಕ ಕಳಿಸಿದೀನಿ. ಡಬ್ಬಿಯಲ್ಲಿ ಹದಿನೇಳು ಚೀಟಿ ಇದ್ವು, ಹದಿನೇಳೂ ಟೈಪ್ ಮಾಡಿದೀನಿ. ಪುಟಕ್ಕೆ ಕೂರಿಸೋದು ಮಾತ್ರ ಬಾಕಿ. ಅದನ್ನ ನೀವೇ ಮುಗಿಸಿದ್ರೆ ಒಳ್ಳೇದು. ನಾಲ್ಕು ಗಂಟೆಯೊಳಗೆ ಮುಖ್ಯಸ್ಥರ ಒಪ್ಪಿಗೆ ಆಗ್ಬೇಕಂತೆ. ಆಮೇಲೆ ಅದು ಮೇಲಿನ ತನಿಖಾ ವಿಭಾಗಕ್ಕೆ ಹೋಗತ್ತೆ."

ಅವನು ತೆರೆದ. ವರ್ಷಕ್ಕೊಮ್ಮೆ ಬರುವ ಕೋಷ್ಟಕ: ಕ್ರಮಸಂಖ್ಯೆ, ಅಭಿಪ್ರಾಯ, ಕೈಗೊಂಡ ಕ್ರಮ. ಒಂದು: ಮೂರನೆಯ ಮಹಡಿಯ ಶೌಚಾಲಯದಲ್ಲಿ ಬಿಸಿನೀರಿಲ್ಲ. ಎರಡು: ಉಪಾಹಾರ ಗೃಹದ ಕಿಮ್ಚಿ ಉಪ್ಪಿನಕಾಯಿಯಲ್ಲಿ ಉಪ್ಪು ಜಾಸ್ತಿ. ಮೂರು: ಕಿಮ್ಚಿ ಸಪ್ಪೆ. ಹೀಗೆಯೇ ಹದಿನಾರರವರೆಗೆ, ಪ್ರಿಂಟರು, ವಾಹನ ನಿಲ್ದಾಣ, ಯಾರೋ ಗಟ್ಟಿಯಾಗಿ ಸೀನುವುದು. ಹದಿನಾರರ ಕೆಳಗೆ ಪುಟ ಮುಗಿದಿತ್ತು. ಹದಿನೇಳು ಎರಡನೆಯ ಪುಟದಲ್ಲಿ ಒಂಟಿಯಾಗಿತ್ತು: *ಉಪಚಾರದ ದಿನದ ಊಟದಲ್ಲಿ ಮುಖ್ಯಸ್ಥರು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಇದು ಯಾವ ಕೀ, ಇದು ಯಾವ ಕೀ ಎಂದು ಕೇಳಿದರು. ಊಟ ಮುಗಿಯುವವರೆಗೆ ಕೈ ಬಿಡಲಿಲ್ಲ. ಇದು ಮೂರನೆಯ ಸಲ. ಮೇಜಿನಲ್ಲಿ ಆರು ಜನ ಇದ್ದರು.*

ಆರರಲ್ಲಿ ಅವನೊಬ್ಬ. ಉಪಚಾರದ ದಿನವೆಂದರೆ ಗುರುವಾರ; ಪ್ರತಿ ಗುರುವಾರ ಮುಖ್ಯಸ್ಥರನ್ನು ಊಟಕ್ಕೆ ಕರೆದೊಯ್ಯುವ ಸರದಿ ಅವರ ತಂಡದ್ದು. ಯಾವ ಹೋಟೆಲು, ಯಾವ ಕೋಣೆ, ಅವರ ಪಕ್ಕ ಯಾರು ಎಂಬುದನ್ನೆಲ್ಲ ಬುಧವಾರವೇ ತೀರ್ಮಾನಿಸಬೇಕು. ಆ ಗುರುವಾರ ಒಣಮೀನಿನ ಸಾರು. ಮುಖ್ಯಸ್ಥ ಓಕ್, "ನಮ್ ಹಾನ್ಸೊಲ್ ಬೆರಳು ನೋಡ್ರಪ್ಪ, ಸೈನ್ಯಕ್ಕೆ ಹೋಗಿಬಂದ ಗಂಡಸ್ರಿಗಿಂತ ಚುರುಕು," ಎಂದಾಗ ಎಲ್ಲರೂ ನಕ್ಕಿದ್ದರು, ಅವನೂ. ಅವಳು ಎಡಗೈಯಲ್ಲಿ ಚಮಚ ಹಿಡಿದು ಸಾರು ಕುಡಿಯುತ್ತಿದ್ದಳು. ಅವಳು ಎಡಗೈಯವಳಲ್ಲ. ಅದು ಅವನಿಗೆ ಕಂಡಿತ್ತು. ಕಂಡದ್ದನ್ನು ಅವನು ಮೀನಿನ ಮುಳ್ಳಿನ ಹಾಗೆ ನಾಲಿಗೆಯಿಂದ ಸರಿಸಿ, ಬಟ್ಟಲಿನ ಅಂಚಿಗೆ ಇಟ್ಟು, ಊಟ ಮುಂದುವರಿಸಿದ್ದ. ಮ್ಯೊಂಗ್ಸುಕ್ ಇನ್ನೊಂದು ತಟ್ಟೆ ಮೊಳಕೆಕಾಳಿನ ಪಲ್ಯ ತರಿಸಿದ್ದರು. ಚುರುಕು ಅವಳಿಗೆ ಬಂದದ್ದು ತನ್ನಿಂದ, ಆ ಹೊಗಳಿಕೆಯಲ್ಲಿ ತನಗೂ ಪಾಲಿದೆ ಎಂದು ಒಂದು ಕ್ಷಣ, ಆ ಮೇಜಿನಲ್ಲೇ, ಅವನಿಗೆ ಹೆಮ್ಮೆಯಾಗಿತ್ತು. ಅದು ಈಗ ಬಾಯಿಗೆ ಬಂದು ಕಾಫಿಯ ಜೊತೆ ಒಳಗೆ ಹೋಯಿತು.

ಪಾಳೆಯದಲ್ಲೂ ಒಂದು ಡಬ್ಬಿಯಿತ್ತು. ಅದಕ್ಕೆ ಹಾಕುವುದನ್ನು ಮನಸ್ಸಿನ ಪತ್ರ ಎನ್ನುತ್ತಿದ್ದರು, ಹೆಸರು ಬರೆಯಬೇಕಾಗಿಲ್ಲ. ಆ ತಿಂಗಳು ಗಿತೆಯನ್ನು ಬರಹದ ಕೋಣೆಯಿಂದ ತೆಗೆದು ಕಾವಲು ಗೋಪುರಕ್ಕೆ ಹಾಕಿದ್ದರು, ಸಾರ್ಜೆಂಟ್ ಬಾಂಗ್‌ನ ಒಂದು ವರದಿ ಎರಡನೆಯ ಪುಟಕ್ಕೆ ಇಳಿಯಿತೆಂದು. "ನಿಮ್ಮೂರಲ್ಲಿ ಕಾಗದ ಏನು ಮರದಲ್ಲಿ ಬಿಡತ್ತೇನೋ?" ಎಂದು ಬಾಂಗ್ ಆ ಹಾಳೆಯನ್ನು ಅವನ ಬಾಯಿಗೆ ತುರುಕಿದ್ದ. ಉಳಿದದ್ದೆಲ್ಲ ಗೋಪುರದ ಹಿಂದೆ ನಡೆಯುತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಕೋಷ್ಟಕ ಮಾಡುವವನು ಈಗ ಇನ್ಹೊ. ಹನ್ನೊಂದು ಪತ್ರ, ಹನ್ನೊಂದನೆಯದು ಗಿತೆಯ ಕೈಬರಹ. ಪುಟಕ್ಕೆ ಹತ್ತು ಹಿಡಿಯುತ್ತಿತ್ತು. ಅಕ್ಷರಗಳನ್ನು ಇನ್ನೊಂದಿಷ್ಟು ಒತ್ತಬಹುದಿತ್ತು, ಅಂಚನ್ನು ಕಿರಿದು ಮಾಡಬಹುದಿತ್ತು, ಸಾರಿನಲ್ಲಿ ಹುಳು ಎಂಬ ಎರಡು ಸಾಲನ್ನು ಒಂದು ಮಾಡಬಹುದಿತ್ತು. ಆದರೆ ಗಿತೆಯೇ ಹೇಳಿಕೊಟ್ಟಿದ್ದ: ಯಾವುದನ್ನ ತೆಗೀಬೇಕು ಅಂತ ಆರಿಸೋಕೆ ಹೋಗ್ಬೇಡ, ಆರಿಸಿದ್ರೆ ಅದು ನಿನ್ನ ತಲೆಗೆ ಬರತ್ತೆ, ಕೊನೇದನ್ನ ತೆಗಿ, ಆಗ ಅದು ಬರೀ ಕೆಲಸ. ಇನ್ಹೊ ಕೊನೆಯದನ್ನು ತೆಗೆದ. ತೆಗೆಯುವಾಗ ಏನು ಯೋಚಿಸಿದೆ ಎಂದು ಅವನು ಇಪ್ಪತ್ತು ವರ್ಷ ಹುಡುಕಿದ್ದಾನೆ. ಅಲ್ಲಿ ಯೋಚನೆ ಸಿಗುವುದಿಲ್ಲ, ಪುಟ ಒಂದಾದಾಗಿನ ಸಣ್ಣ ನೆಮ್ಮದಿ ಮಾತ್ರ ಸಿಗುತ್ತದೆ. ಹತ್ತೊಂಬತ್ತು ದಿನದ ಮೇಲೆ ಗಿತೆ ಗೋಪುರದಿಂದ ಇಳಿದು ಬರಲಿಲ್ಲ, ಇಳಿಸಿಕೊಂಡು ಬಂದರು. ಆ ಸಾವಿನ ವರದಿಯನ್ನೂ ಇನ್ಹೊನೇ ಟೈಪ್ ಮಾಡಿದ. ಅದೂ ಒಂದೇ ಪುಟಕ್ಕೆ ಕೂತಿತ್ತು.

ಹನ್ನೆರಡಕ್ಕೆ ಎಂದಿನಂತೆ ದೀಪ ಆರಿಸಿದರು. ಊಟಕ್ಕೆ ಹೋಗುವವರು ಹೋದರು, ಹೋಗದವರು ಕಿಟಕಿಯ ಪರದೆ ಎಳೆದು ಮೇಜಿನ ಮೇಲೆ ತಲೆಯಿಟ್ಟು ಮಲಗಿದರು. ಕೆಲಸ ಉಳಿದ ಕೆಲವರು ಮಾತ್ರ ತೆರೆಯ ಬೆಳಕಿನಲ್ಲಿ ನೀಲಿ ಮುಖ ಮಾಡಿಕೊಂಡು ಟೈಪ್ ಮಾಡುತ್ತಿದ್ದರು. ಇನ್ಹೊ ಹಸಿವಿಲ್ಲವೆಂದು ಕೂತಿದ್ದ. ಮೊದಲು ಕೇಳಿದ್ದು ಮ್ಯೊಂಗ್ಸುಕ್ ಅವರ ಮೇಜಿನಿಂದ. ಟಕ್ ಟಕ್. ಆಮೇಲೆ ತೆರಿಗೆಯವರ ಸಾಲಿನಿಂದ, ಅಲ್ಲಿ ನಾಲ್ಕು ವರ್ಷದ ಹಿಂದೆ ಅವನ ಕೈಕೆಳಗೆ ಕಲಿತು ಹೋದವನೊಬ್ಬನಿದ್ದ. ಟಕ್ ಟಕ್. ಆಮೇಲೆ ಕಂಬದ ಹಿಂದಿನಿಂದ, ಅಲ್ಲಿ ಕೂರುವವಳ ಹೆಸರೂ ಅವನಿಗೆ ಗೊತ್ತಿಲ್ಲ, ಅವನು ಅವಳಿಗೆ ಕಲಿಸಿಲ್ಲ. ಅವನಿಂದ ಕಲಿತವನಿಂದ ಕಲಿತವಳಿರಬೇಕು. ಟಕ್ ಟಕ್. ಅವಳು ಶಾಲೆಗೆ ಸೇರುವ ಮೊದಲೇ ಗಿತೆ ಸತ್ತಿರಬೇಕು ಎಂದು ಸುಮ್ಮನೆ ಲೆಕ್ಕ ಹಾಕಿದ. ಹದಿಮೂರು ವರ್ಷದ ನೌಕರಿಯಲ್ಲಿ ತನ್ನ ಬೆನ್ನ ಹಿಂದೆ ನಿಂತು ಹೋದವರನ್ನು ಎಣಿಸಲು ಹೊರಟು ಒಂಬತ್ತಕ್ಕೆ ನಿಲ್ಲಿಸಿದ. ಅವರಲ್ಲಿ ಮೂವರು ಹಳ್ಳಿಗಳ ಕಚೇರಿಗೆ ವರ್ಗವಾಗಿದ್ದರು, ಒಬ್ಬ ಪಕ್ಕದ ಜಿಲ್ಲೆಗೆ. ಅಲ್ಲೆಲ್ಲ ಈ ಹೊತ್ತು, ಈ ಹಗಲುಗತ್ತಲೆಯಲ್ಲಿ, ಮುಖ ಯಾರಿಗೂ ನೆನಪಿಲ್ಲದ ಒಬ್ಬನ ಕಿರುಬೆರಳು ಎದ್ದು, ಯಾವುದೋ ಬಾಗಿಲ ಮುಂದೆ ನಿಂತು, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಳಿಸಿ ಹೋಗುತ್ತಿತ್ತು. ಇನ್ಹೊ ತನ್ನ ಎಡಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಕೂತ. ಕೈ ಬಿಸಿಯಾಗಿತ್ತು. ತೊಡೆಗೆ ಎರಡು ಸಲ ಏನೋ ತಾಗಿದ ಹಾಗಾಯಿತು, ನಾಡಿಯಿರಬೇಕು ಎಂದುಕೊಂಡ.

ಒಂದು ಗಂಟೆಗೆ ದೀಪ ಬಂತು. ಎರಡು ಗಂಟೆಯವರೆಗೆ ಅವನು ಕಡತವನ್ನು ನಾಲ್ಕು ಸಲ ತೆರೆದು ನಾಲ್ಕು ಸಲ ಮುಚ್ಚಿದ. ಹದಿನೇಳನ್ನು ಮೊದಲಿಗೆ ತಂದರೆ? ಕಿಮ್ಚಿಯ ಎರಡು ಸಾಲನ್ನು ಒಂದು ಮಾಡಿದರೆ ಎಲ್ಲವೂ ಕೂರುತ್ತದೆ, ಐದು ನಿಮಿಷದ ಕೆಲಸ. ಆದರೆ ಮುಖ್ಯಸ್ಥರು ಓದುತ್ತಾರೆ, ಯಾರು ಬರೆದದ್ದೆಂದು ಆರು ಜನರಿಗೂ ಗೊತ್ತು, ಯಾರು ಅಳಿಸದೆ ಕಳಿಸಿದ್ದೆಂದೂ ಗೊತ್ತಾಗುತ್ತದೆ. ಜನವರಿಯಲ್ಲಿ ಬಡ್ತಿಯ ಪಟ್ಟಿ. ಇದೆಲ್ಲ ತಲೆಯ ಯೋಚನೆ, ತಲೆಯನ್ನು ಸಂಭಾಳಿಸಬಹುದು. ಅವನಿಗೆ ಭಯವಿದ್ದದ್ದು ಕೈಗಳದು. ಕೀಬೋರ್ಡಿನ ಮೇಲೆ ಇಟ್ಟ ಕೂಡಲೇ ಅವು ತಮ್ಮ ಪಾಡಿಗೆ ಹೊರಡುತ್ತವೆ, ಎಲ್ಲವನ್ನೂ ಆರಿಸುತ್ತವೆ, ಒತ್ತುತ್ತವೆ, ಕೊನೆಯದರ ಮೇಲೆ ಹೋಗಿ ನಿಲ್ಲುತ್ತವೆ. ಕಿಟಕಿಯ ಕಡೆ ಒಂದು ಸಲ ನೋಡಿದರೆ ಸಾಕು. ಮತ್ತೊಂದು ಯೋಚನೆಯೂ ಬಂತು: ಹದಿನೇಳು ಚೀಟಿಗೂ ಕ್ರಮವೆಂಬುದಿಲ್ಲ. ಟೈಪ್ ಮಾಡಿದವಳು ಅವಳು. ತನ್ನದನ್ನು ಕೊನೆಗಿಟ್ಟವಳೂ ಅವಳು. ಕೊನೆಯದಕ್ಕೆ ಏನಾಗುತ್ತದೆಂದು ಅವಳಿಗೆ ಅವನಷ್ಟೇ ಚೆನ್ನಾಗಿ ಗೊತ್ತು. ಇಟ್ಟು, ನೀವೇ ಮುಗಿಸಿ ಎಂದಿದ್ದಳು.

ಹಾಗೆಂದು ಹೊಳೆದ ಮೇಲೆ ಅವನಿಗೆ ಒಂದು ದಾರಿ ಕಂಡಿತು. ಕಂಡಾಗ ಅದು ಎಷ್ಟು ಒಳ್ಳೆಯ ದಾರಿಯಾಗಿ ತೋರಿತೆಂದರೆ ಮೈ ಹಗುರಾಯಿತು. ತನ್ನ ಕೈ ನಂಬುವಂಥದ್ದಲ್ಲ. ಆದ್ದರಿಂದ ಈ ಕೈ ಇದನ್ನು ಮುಟ್ಟಬಾರದು. ಸಾಲು ಯಾರದೋ ಅವರ ಕೈಯಲ್ಲೇ ಇರಲಿ, ಅದಕ್ಕಿಂತ ಭದ್ರವಾದ ಜಾಗ ಯಾವುದು? ಇಡುವುದಿದ್ದರೆ ಇಡುತ್ತಾಳೆ, ಯಾರು ಬೇಡ ಎಂದರು.

"ಹಾನ್ಸೊಲ್, ಆ ಕೋಷ್ಟಕ ನೀವೇ ಮುಗಿಸಿ, ನೀವೇ ಒಪ್ಪಿಗೆಗೆ ಕಳಿಸಿಬಿಡಿ."

ಅವಳ ಕೈ ಕೀಬೋರ್ಡಿನ ಮೇಲೆ ನಿಂತಿತು. "ನೀವು ನೋಡಿದ್ರಾ?"

"ನೋಡಿದೆ."

"ಕೊನೇವರೆಗೂ?"

"ಹೂಂ." ಕಾಫಿಯ ಖಾಲಿ ಲೋಟವನ್ನು ಬುಟ್ಟಿಗೆ ಹಾಕಿದ. "ನಿಮಗೆ ಹೇಗೆ ಸರಿ ಅನ್ಸತ್ತೋ ಹಾಗೆ ಮಾಡಿ."

ಅವಳು ಅವನ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು. ಅದರಲ್ಲಿ ಕೋಪವಿರಲಿಲ್ಲ, ಬಸ್ಸು ತಪ್ಪಿದವರು ವೇಳಾಪಟ್ಟಿಯನ್ನು ನೋಡುವ ಹಾಗೆ ನೋಡಿದಳು. "ಆಯ್ತು, ಸೊನ್ಬೆನಿಮ್," ಎಂದಳು.

"ಒಂದೇ ಪುಟ ಕಣಮ್ಮ, ಮರೀಬೇಡ," ಎಂದರು ಮ್ಯೊಂಗ್ಸುಕ್, ತಲೆಯೆತ್ತದೆ. "ಎರಡಾದ್ರೆ ನಾಳೆ ಊಟದಲ್ಲಿ ನಮ್ಮನ್ನೇ ಸಾರು ಮಾಡ್ಕೊಂಡು ಕುಡೀತಾರೆ ಅವ್ರು."

ಇನ್ಹೊ ಎದ್ದು ಕೆಳಗೆ ಹೋಗಿ ಕಟ್ಟಡದ ಹಿಂದೆ ಸಿಗರೇಟು ಹಚ್ಚಿದ. ಬಿಟ್ಟು ಎರಡು ವರ್ಷವಾಗಿತ್ತು. ಯಾರೋ ಡ್ರೈವರನ ಹತ್ತಿರ ಕೇಳಿ ಇಸಿದುಕೊಂಡ. ಗಿಂಕ್ಗೊ ಹಣ್ಣುಗಳು ಕಾಲಡಿ ಸಿಕ್ಕಿ ನಾರುತ್ತಿದ್ದವು. ಅವಳು ಇಡುತ್ತಾಳೆ ಎಂದುಕೊಂಡ. ಇಟ್ಟರೆ ಮುಖ್ಯಸ್ಥರು ಕರೆಸುತ್ತಾರೆ, ಕರೆಸಿದರೆ ತಾನೂ ಎದ್ದು ನಿಂತು, ಹೌದು, ನಾನೂ ಮೇಜಿನಲ್ಲಿದ್ದೆ ಎನ್ನುತ್ತೇನೆ. ಆ ಮಾತನ್ನು ಬಾಯಲ್ಲಿ ಮೂರು ಸಲ ಹೇಳಿ ನೋಡಿದ. ಮೂರನೆಯ ಸಲ ಚೆನ್ನಾಗಿ ಬಂತು. ಡ್ರೈವರು, "ಏನಂದ್ರಿ?" ಎಂದ. ಏನಿಲ್ಲ ಎಂದ.

ಮೇಲೆ ಬಂದಾಗ ಮೂರೂ ನಲವತ್ತು. ಹಾನ್ಸೊಲ್ ಬೇರೊಂದು ಕೆಲಸದಲ್ಲಿದ್ದಳು. ಅವನು ಕಡತ ತೆರೆದ. ಒಂದೇ ಪುಟ. ಅಂಚುಗಳು ಸಮ, ಅಕ್ಷರಗಳು ಉಸಿರುಗಟ್ಟುವಷ್ಟಲ್ಲದೆ ಹದವಾಗಿ ಒತ್ತಿದ್ದವು, ಅಷ್ಟು ಅಚ್ಚುಕಟ್ಟಾಗಿ ಅವನಿಗೂ ಬರುತ್ತಿರಲಿಲ್ಲ. ಹದಿನಾರು ಸಾಲು.

"ಇದು..." ಎಂದ.

"ಕೂರಲಿಲ್ಲ," ಎಂದಳು ತಿರುಗದೆ. "ಕೊನೇದನ್ನ ತೆಗ್ದೆ. ಯಾವುದು ಅಂತ ಆರಿಸಬಾರದು ಅಂತ ನೀವೇ ಹೇಳಿದ್ರಲ್ಲ."

"ನಾನು ಯಾವಾಗ ಹೇಳಿದೆ?"

"ಬಾಯಲ್ಲಿ ಹೇಳಿಲ್ಲ." ಈಗ ತಿರುಗಿದಳು. "ನೀವು ಮುಗಿಸ್ತೀರಿ ಅಂದ್ಕೊಂಡಿದ್ದೆ, ಸೊನ್ಬೆನಿಮ್. ನೀವು ತೆಗ್ದಿದ್ರೂ ನನಗೆ ಇಷ್ಟು ಬೇಜಾರಾಗ್ತಿರ್ಲಿಲ್ಲ."

ಮ್ಯೊಂಗ್ಸುಕ್ ಅವರ ಟೈಪಿಂಗ್ ನಿಂತಿತ್ತು. ಆಮೇಲೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ವರದಿ ಮುಖ್ಯಸ್ಥರ ತೆರೆಗೆ ಹೋಗಿ ಕೂತಿತ್ತು, ಅವರಿನ್ನೂ ತೆರೆದಿರಲಿಲ್ಲ. ತೆರೆಯುವವರೆಗೆ ಹಿಂಪಡೆಯಬಹುದು. ತಂಡದಲ್ಲಿ ಯಾರು ಬೇಕಾದರೂ ಹಿಂಪಡೆಯಬಹುದು, ಬಲಗಡೆ ಮೇಲೆ ಅದಕ್ಕೊಂದು ಸಣ್ಣ ಗುಂಡಿಯಿದೆ, ಬೂದು ಬಣ್ಣದ್ದು. ಇನ್ಹೊ ಅದನ್ನು ನೋಡಿದ. ಕೈಗಳನ್ನು ಕೀಬೋರ್ಡಿನ ಮೇಲಿಟ್ಟು, ಕಣ್ಣನ್ನು ಬೇಕೆಂದೇ ಕಿಟಕಿಯ ಕಡೆ ತಿರುಗಿಸಿ ಕಾದ. ಬೆಳಿಗ್ಗೆಯೆಲ್ಲ ಅವನ ಮಾತು ಕೇಳದ ಕೈಗಳು ಈಗಲಾದರೂ ತಮ್ಮ ಪಾಡಿಗೆ ಹೊರಡಲಿ ಎಂದು ಕಾದ. ಅವು ಹೊರಡಲಿಲ್ಲ. ಹಿಂಪಡೆಯುವುದಕ್ಕೆ ಶಾರ್ಟ್‌ಕಟ್ ಇರಲಿಲ್ಲ; ಅಂಥದೊಂದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಅವನೂ ಯಾರಿಗೂ ಕಲಿಸಿರಲಿಲ್ಲ. ಅದನ್ನು ಮೌಸ್ ಹಿಡಿದು, ಬಾಣವನ್ನು ಕಣ್ಣಾರೆ ನಡೆಸಿಕೊಂಡು ಹೋಗಿ, ಇದನ್ನೇ ಒತ್ತುತ್ತಿದ್ದೇನೆ ಎಂದು ಗೊತ್ತಿದ್ದು ಒತ್ತಬೇಕು. ಮೌಸು ಕಡತಗಳ ಹಿಂದೆ ಇತ್ತು. ಅವನು ಕೈ ಚಾಚಿ ಅದನ್ನು ಮುಟ್ಟಿದ. ತಣ್ಣಗಿತ್ತು. ಬಾಣ ತೆರೆಯ ನಡುವೆ ಒಂದು ಸಲ ನಡುಗಿ ನಿಂತಿತು.

ಮುಖ್ಯಸ್ಥ ಓಕ್ ಮೂರೂ ಐವತ್ತೆರಡಕ್ಕೆ ವರದಿ ತೆರೆದರು, ಐವತ್ತಮೂರಕ್ಕೆ ಒಪ್ಪಿಗೆ ಕೊಟ್ಟರು. ಮೂರನೆಯ ಮಹಡಿಯ ಶೌಚಾಲಯಕ್ಕೆ ಮುಂದಿನ ವಾರ ಬಿಸಿನೀರು ಬಂತು. ಗಿಲ್ ಹಾನ್ಸೊಲ್ ಡಿಸೆಂಬರಿನ ಕೊನೆಗೆ ಕೆಲಸ ಬಿಟ್ಟಳು. ಆ ವರ್ಷ ಎರಡನೆಯ ಮಹಡಿಯಿಂದ ಗಮನಿಸಬೇಕಾದ ದೂರು ಯಾವುದೂ ಇಲ್ಲವೆಂದು ದಾಖಲಾಯಿತು.